ಕ್ರಯಪತ್ರದ ಖರ್ಚು ಯಾವ ಲೆಕ್ಕಕ್ಕೆ?

ಭಾದ್ರಪದ ಬಂದಿತೆಂದರೆ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರಕ್ಕೆ ಜನ ಸಾಗರದಂತೆ ಹರಿದುಬರುತ್ತದೆ. ಮಾರಮ್ಮನ ದರ್ಶನ ಮುಗಿಸಿ ನೆಂಟರಿಷ್ಟರು ನೆರಳಿನಲ್ಲಿ ಕುಳಿತರೆ ಮಳೆ, ಶೇಂಗಾ, ಮಕ್ಕಳ ಮದುವೆಗಳ ಮಾತಿನ ನಡುವೆ ಮನೆ ಕೊಂಡ ಸುದ್ದಿಯೂ ಸುಳಿಯುವುದುಂಟು. ಊರು ಬಿಟ್ಟು ನೌಕರಿ ಹಿಡಿದ ಮಗನೊಬ್ಬನು ಬಾಡಿಗೆಗೆ ಕೊಡಲೆಂದು ಚಳ್ಳಕೆರೆ ಪಟ್ಟಣದಲ್ಲಿ 50 ಲಕ್ಷ ರೂಪಾಯಿಗೆ ಮನೆ ಕೊಂಡನೆಂದು ಭಾವಿಸೋಣ.

ಹಣ 50 ಲಕ್ಷಕ್ಕೇ ನಿಲ್ಲುವುದಿಲ್ಲ. ಸೆಸ್ಸು, ಸರ್‌ಚಾರ್ಜುಗಳು ಕೂಡಿ ಮುದ್ರಾಂಕ ಶುಲ್ಕ ಶೇಕಡಾ 5.6ರಂತೆ 2,80,000 ರೂಪಾಯಿ. 2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿತಾದ್ದರಿಂದ ಅದೇ ಒಂದು ಲಕ್ಷ. ದಲ್ಲಾಳಿಗೆ 50,000, ವಕೀಲರಿಗೆ 20,000 ಕೊಟ್ಟರೆ ಒಟ್ಟು ನಾಲ್ಕೂವರೆ ಲಕ್ಷ! ತಂದೆಯ ಬೆಳೆಯ ಹಣವೂ ಸೊಸೆಯ ಉಳಿತಾಯವೂ ಇದರಲ್ಲಿ ಕರಗಿರಲು ಸಾಕು.

ಇಷ್ಟನ್ನೂ ಮೊದಲ ವರ್ಷದ ಬಾಡಿಗೆಯಲ್ಲಿ ಕಳೆದುಬಿಡಬಹುದೆಂಬ ನಂಬಿಕೆ ಅನೇಕರಲ್ಲಿದೆ. ಕಾನೂನು ಅದಕ್ಕೆ ಒಪ್ಪುವುದಿಲ್ಲ. ತಿಂಗಳಿಗೆ 15,000ದಂತೆ ವರ್ಷಕ್ಕೆ 1,80,000 ರೂಪಾಯಿ ಬಾಡಿಗೆ ಬಂದರೆ, ಮಾಲೀಕನು ಕಟ್ಟಿದ ಮನೆಗಂದಾಯ, 5,000 ಎನ್ನೋಣ, ಮೊದಲು ಕಳೆಯುತ್ತದೆ. ಉಳಿದುದರಲ್ಲಿ ಶೇಕಡಾ 30ನ್ನು, ರಿಪೇರಿ ಮಾಡಿಸಲಿ ಬಿಡಲಿ, ಬಿಟ್ಟುಕೊಡುತ್ತಾರೆ. ತೆರಿಗೆಗೆ ಸೇರುವುದು 1,22,500 ರೂಪಾಯಿ. ಸಾಲ ಮಾಡಿ ಕೊಂಡಿದ್ದರೆ ಬಡ್ಡಿಯೂ ಕಳೆಯುವುದು. ಬ್ಯಾಂಕು ಸಾಲಕ್ಕಾಗಿ ವಸೂಲು ಮಾಡುವ ಪ್ರೊಸೆಸಿಂಗ್ ಶುಲ್ಕವೂ ಕಾನೂನಿನ ವ್ಯಾಖ್ಯೆಯಂತೆ ಬಡ್ಡಿಯೇ. ಮುದ್ರಾಂಕಕ್ಕೆ ಮಾತ್ರ ಈ ಪಂಕ್ತಿಯಲ್ಲಿ ಎಲೆಯಿಲ್ಲ.

ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಒಂದು ಸಮಾಧಾನವುಂಟು. ವಾಸದ ಮನೆಯ ಮುದ್ರಾಂಕ, ನೋಂದಣಿ ಶುಲ್ಕಗಳನ್ನು, ಕಟ್ಟಿದ ವರ್ಷದಲ್ಲಿಯೇ, ಜೀವವಿಮೆ, ಭವಿಷ್ಯನಿಧಿಗಳೊಡನೆ ಸೇರಿಸಿ 1,50,000 ರೂಪಾಯಿಗಳ ಮಿತಿಯೊಳಗೆ ತೋರಿಸಬಹುದು. ಮನೆ ಬಾಡಿಗೆಗಿದ್ದರೂ ಅಡ್ಡಿಯಿಲ್ಲ. ಆದರೆ ಮನೆ ಸ್ವಾಧೀನಕ್ಕೆ ಬಂದ ಆರ್ಥಿಕ ವರ್ಷ ಮುಗಿದು 5 ವರ್ಷ ತುಂಬುವ ಮೊದಲೇ ಮಾರಿದರೆ ಪಡೆದ ರಿಯಾಯಿತಿ ಮತ್ತೆ ಆದಾಯಕ್ಕೆ ಸೇರಿಬಿಡುತ್ತದೆ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವೇ ಇಲ್ಲ. ಬೇರೆ ಹೇಳದಿದ್ದರೆ ಎಲ್ಲರೂ ಹೊಸ ಪದ್ಧತಿಗೇ ಸೇರಿದವರೆಂದು 2023–24ರಿಂದ ಎಣಿಸಲಾಗುತ್ತಿದೆಯೆಂಬುದನ್ನು ಎಷ್ಟೋ ಮಂದಿ ಗಮನಿಸಿರುವುದಿಲ್ಲ.

ಹಾಗಾದರೆ ಹೊಸ ಪದ್ಧತಿಯವನ ನಾಲ್ಕೂವರೆ ಲಕ್ಷ ನೀರಿನಲ್ಲಿ ಹೋಮವಾಯಿತೇ? ಇಲ್ಲ, ಅದು ಮನೆಯ ಅಸಲಿಗೆ ಸೇರಿ ಮಾರುವ ದಿನದವರೆಗೆ ನಿದ್ರಿಸುತ್ತದೆ. ಕೆಲವು ವರ್ಷಗಳ ತರುವಾಯ ಅದೇ ಮನೆ 70 ಲಕ್ಷಕ್ಕೆ ಹೋದರೆ ಲಾಭ 20 ಲಕ್ಷವಲ್ಲ, 15,50,000. ಎರಡು ವರ್ಷಕ್ಕೂ ಮೀರಿ ಇಟ್ಟುಕೊಂಡ ಮನೆಯ ಲಾಭಕ್ಕೆ ಶೇಕಡಾ 12.5ರ ತೆರಿಗೆಯಾದುದರಿಂದ 56,250 ರೂಪಾಯಿ ಉಳಿಯುತ್ತದೆ. ಮಾರುವಾಗ ಕೊಡುವ ದಲ್ಲಾಳಿಯೂ ಲಾಭದಲ್ಲಿ ಕಳೆಯತಕ್ಕದ್ದೇ.

ತೊಡಕಿರುವುದು ರುಜುವಾತಿನಲ್ಲಿ. ಮುದ್ರಾಂಕದ ಮೊತ್ತವನ್ನು ಕ್ರಯಪತ್ರವೇ ಹೇಳುತ್ತದೆ. ಕೈಗೆ ಕೈ ಕೊಟ್ಟ ದಲ್ಲಾಳಿಯ ಹಣಕ್ಕೆ ಸಾಕ್ಷಿಯೆಲ್ಲಿ? ಚೆಕ್ಕಿನ ಮೂಲಕ ಕೊಟ್ಟು, ದಲ್ಲಾಳಿಯಿಂದಲೂ ವಕೀಲರಿಂದಲೂ ರಸೀದಿ ಪಡೆದು ಕ್ರಯಪತ್ರದೊಡನೆ ಇಡಬೇಕು. ಕೊಂಡವನು ಕಾಲವಾಗಿ ಮಕ್ಕಳು ಆ ಮನೆಯನ್ನು ಮಾರಿದರೂ ಅವರ ಅಸಲು ತಂದೆ ತೆತ್ತ ಬೆಲೆಯೇ. ಅಂದು ಅವರು ಪೆಟ್ಟಿಗೆಯಲ್ಲಿ ಮೊದಲು ಹುಡುಕುವುದು ಇದೇ ಕಾಗದಗಳನ್ನು.