ನಿಮಗಿದು ಗೊತ್ತೇ? ಫಿಜಿಯ ಸುವಾಕ್ಕೆ ಹೊರಡುವ ಮುನ್ನ

● ಫಿಜಿಯ ರಾಜಧಾನಿ ಸುವಾ. ಆದರೆ ದೂರದೇಶಗಳ ದೊಡ್ಡ ವಿಮಾನಗಳು ಇಳಿಯುವುದು ಅಲ್ಲಲ್ಲ, ಅದೇ ವಿಟಿ ಲೆವು ದ್ವೀಪದ ಪಡುವಣ ಮಗ್ಗುಲಿನ ನಂದಿಯಲ್ಲಿ. ಅಲ್ಲಿಂದ ಕ್ವೀನ್ಸ್ ರೋಡ್ ಹಿಡಿದರೆ ಸುಮಾರು 190 ಕಿ.ಮೀ., ಬಸ್ಸಿನಲ್ಲಿ ನಾಲ್ಕೈದು ಗಂಟೆ. ಪುಟ್ಟ ವಿಮಾನ ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಸುವಾ ಪಕ್ಕದ ನೌಸೋರಿ ತಲುಪಬಹುದು. ಹಗಲಾಗಿದ್ದರೆ ಬಸ್ಸೇ ವಾಸಿ: ದಾರಿಯಲ್ಲಿ ಸಿಂಗಟೋಕದ ಮರಳುದಿಬ್ಬಗಳು ಸಿಗುತ್ತವೆ. ಫಿಜಿಯ ಮೊದಲ ರಾಷ್ಟ್ರೀಯ ಉದ್ಯಾನ ಅದು.

● ಭಾರತದಿಂದ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ, ಅಲ್ಲಿಂದ ನಂದಿಗೆ ಮತ್ತೆ ಹತ್ತು ಗಂಟೆಗೂ ಹೆಚ್ಚು.

● ಫಿಜಿಯ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದು. ಮನುಷ್ಯನ ದೇಹದೊಳಗಿನ ಗಡಿಯಾರವೋ 24 ಗಂಟೆಗಿಂತ ಕೊಂಚ ನಿಧಾನ. ಹಾಗಾಗಿ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಪೂರ್ವಕ್ಕೆ ಹಾರಿದವರನ್ನು ಜೆಟ್ ಲ್ಯಾಗ್ ಹೆಚ್ಚು ಕಾಡುವುದು ಇದಕ್ಕೇ. ಮೊದಲ ದಿನಕ್ಕೆ ಏನನ್ನೂ ಗೊತ್ತುಮಾಡಿಕೊಳ್ಳಬೇಡಿ.

● 1928ರ ಜೂನ್ 5ರಂದು ವೈಮಾನಿಕ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್‌ನ ‘ಸದರ್ನ್ ಕ್ರಾಸ್’ ವಿಮಾನ ಹವಾಯಿಯಿಂದ 34 ಗಂಟೆಗೂ ಹೆಚ್ಚು ಕಾಲ ಎಲ್ಲೂ ನಿಲ್ಲದೆ ಹಾರಿ ಸುವಾದಲ್ಲಿ ಇಳಿಯಿತು. ಇಳಿದದ್ದೆಲ್ಲಿ? ಊರ ನಡುವಿನ ಆಟದ ಮೈದಾನ ಆಲ್ಬರ್ಟ್ ಪಾರ್ಕಿನಲ್ಲಿ! ಅದಕ್ಕಾಗಿ ಮರಗಳನ್ನು ಕಡಿಯಬೇಕಾಯಿತು. ತುಂಬಿದ ಇಂಧನದೊಡನೆ ಮತ್ತೆ ಮೇಲೇರಲು ಆ ಮೈದಾನ ಸಾಲಲಿಲ್ಲ, ವಿಮಾನವನ್ನು ನಸಿಲಾಯಿ ಕಡಲತೀರಕ್ಕೆ ಒಯ್ದು ಅಲ್ಲಿಂದ ಬ್ರಿಸ್ಬೇನ್ ಕಡೆಗೆ ಹಾರಿಸಿದರು. ಪಾರ್ಕ್ ಇವತ್ತಿಗೂ ಇದೆ. ಎದುರಿಗೇ 1914ರ ಗ್ರ್ಯಾಂಡ್ ಪೆಸಿಫಿಕ್ ಹೋಟೆಲ್. ಅಲ್ಲಿ ತಂಗುವಷ್ಟು ದುಡ್ಡಿಲ್ಲದಿದ್ದರೂ ಒಂದು ಚಹಾ ಕುಡಿಯಬಹುದು.

● ಅದೇ ನಸಿಲಾಯಿಯ ಹವಳದ ದಿಬ್ಬಕ್ಕೆ 1884ರ ಮೇ ತಿಂಗಳಲ್ಲಿ ‘ಸಿರಿಯಾ’ ಹಡಗು ಬಡಿದು ಐವತ್ತಕ್ಕೂ ಹೆಚ್ಚು ಮಂದಿ ಮುಳುಗಿಹೋದರು. ಸತ್ತವರಲ್ಲಿ ಹೆಚ್ಚಿನವರು ಕಬ್ಬಿನ ಗದ್ದೆಗೆ ಕರಾರಿನ ಮೇಲೆ ಹೊರಟಿದ್ದ ಭಾರತೀಯರು. 1879ರಿಂದ 1916ರವರೆಗೆ ಹೀಗೆ ಬಂದ ಗಿರ್ಮಿಟಿಯರು 60 ಸಾವಿರಕ್ಕೂ ಹೆಚ್ಚು. 1903ರ ನಂತರ ಮದ್ರಾಸಿನಿಂದಲೂ ಹಡಗುಗಳು ಹೊರಟವು, ದಕ್ಷಿಣದವರೇ ಸುಮಾರು 15 ಸಾವಿರ. ಸುವಾ ಬಸ್ ನಿಲ್ದಾಣದಲ್ಲಿ ಹಿಂದಿ ಕಿವಿಗೆ ಬಿದ್ದರೆ ಪ್ರವಾಸಿಗರೆಂದು ತಿಳಿಯಬೇಡಿ. ಅವರು ನಾಲ್ಕೈದು ತಲೆಮಾರಿನ ಫಿಜಿಯವರು.

● ಸುವಾದಲ್ಲಿ ಬಿಳಿ ಮರಳಿನ ಬೀಚ್ ಹುಡುಕಬೇಡಿ, ಅದು ಬಂದರು. ಆಗ್ನೇಯದ ಗಾಳಿ ಗುಡ್ಡಕ್ಕೆ ತಾಗಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಸುರಿಸುತ್ತದೆ. ಬೆಟ್ಟದಾಚೆಯ ನಂದಿಗೆ ಅಷ್ಟು ಸಿಗದು. ಆಗುಂಬೆಗೂ ಕಡೂರಿಗೂ ಇರುವ ಲೆಕ್ಕವೇ ಇದು! ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್. ಹೋಗುವುದಾದರೆ ಜೂನ್‌ನಿಂದ ಸೆಪ್ಟೆಂಬರ್, ಆಗಲೂ ಕೊಡೆ ಇರಲಿ.

● ಥರ್ಸ್ಟನ್ ಉದ್ಯಾನದೊಳಗಿನ ಫಿಜಿ ಮ್ಯೂಸಿಯಂನಲ್ಲಿ ದಂಗೆಗೆ ಹೆಸರಾದ ‘ಬೌಂಟಿ’ ಹಡಗಿನ ಚುಕ್ಕಾಣಿಯ ಅವಶೇಷವಿದೆ. 1867ರಲ್ಲಿ ನರಭಕ್ಷಣೆಗೆ ಬಲಿಯಾದ ಪಾದ್ರಿ ಥಾಮಸ್ ಬೇಕರ್‌ನ ಬೂಟಿನ ಅಟ್ಟೆಯೂ ಇದೆ.

● ಸುವಾದ ಮಾರುಕಟ್ಟೆಯಲ್ಲಿ ಕೆಸುವಿನ ಗೆಡ್ಡೆ ರಾಶಿ ರಾಶಿ. ಅದರ ಮಹಡಿಯಲ್ಲಿ ಒಣಗಿದ ಯಂಗೋನ ಬೇರಿನ ಮಾರಾಟ. ಹಳ್ಳಿಗೆ ಹೋಗುವುದಿದ್ದರೆ ಅದರ ಒಂದು ಕಟ್ಟು ಒಯ್ದು ಮುಖ್ಯಸ್ಥರಿಗೆ ಒಪ್ಪಿಸಬೇಕು, ಟೋಪಿ ತೆಗೆಯಬೇಕು. ಬೇರು ಕದಡಿದ ನೀರನ್ನು ತೆಂಗಿನ ಕರಟದಲ್ಲಿ ಕೊಡುತ್ತಾರೆ. ಒಂದು ಚಪ್ಪಾಳೆ ತಟ್ಟಿ ಒಂದೇ ಗುಟುಕಿಗೆ ಕುಡಿದು, ಆಮೇಲೆ ಮೂರು ಚಪ್ಪಾಳೆ. ನಾಲಿಗೆ ಜುಮ್ಮೆನ್ನುತ್ತದೆ, ಗಾಬರಿ ಬೇಡ. ರುಚಿ ಮಾತ್ರ ಮಣ್ಣಿನದ್ದೇ.

● 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸೆವೆನ್ಸ್ ರಗ್ಬಿಯ ಚಿನ್ನ ಗೆದ್ದಾಗ ಅದು ಫಿಜಿಯ ಮೊತ್ತಮೊದಲ ಒಲಿಂಪಿಕ್ ಪದಕ. ಆ ಖುಷಿಗೆ 2017ರಲ್ಲಿ ಏಳು ಡಾಲರಿನ ನೋಟನ್ನೇ ಹೊರತಂದರು.

● ವಾಹನ ಸಂಚಾರ ನಮ್ಮಂತೆ ಎಡಗಡೆ. ಪ್ಲಗ್ಗು ಮಾತ್ರ ಆಸ್ಟ್ರೇಲಿಯಾದ ಓರೆಪಟ್ಟಿಯದ್ದು, ಅಡಾಪ್ಟರ್ ಒಯ್ಯಿರಿ. ಹಣ್ಣು, ಬೀಜ, ತುಪ್ಪದಂಥ ತಿನಿಸುಗಳಿದ್ದರೆ ಇಳಿಯುವಾಗ ಕೊಡುವ ಫಾರಂನಲ್ಲಿ ಮುಚ್ಚಿಡದೆ ಬರೆಯಿರಿ.

● ಸಿಡ್ನಿ ಅಥವಾ ಆಕ್ಲೆಂಡ್ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿ ಕಂಡೀತು. ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿ ವಿಮಾನ ಬದಲಿಸಬೇಕಾದರೂ ಟ್ರಾನ್ಸಿಟ್ ವೀಸಾ ಬೇಕು. ದುಡ್ಡು ಕಟ್ಟುವ ಮೊದಲು ಇದೊಂದನ್ನು ನೋಡಿಕೊಳ್ಳಿ.