ವ್ಯಾಪಾರಕ್ಕೆ ತಕ್ಕ ಜಾಲತಾಣದ ಗುಮಾಸ್ತ

ವ್ಯಾಪಾರಕ್ಕೆ ಬಂಡವಾಳವು ಎಷ್ಟು ಅವಶ್ಯಕವೋ ಒಳ್ಳೆಯ ಹೆಸರೂ ಅಷ್ಟೇ ಅವಶ್ಯಕವಾದುದೆಂಬುದು ಗೃಹಸ್ಥರಿಗೆ ಅವಿದಿತವಾದ ಸಂಗತಿಯಲ್ಲ. ಬಂಡವಾಳವನ್ನು ಸಾಲವಾಗಿಯಾದರೂ ತರಬಹುದು. ಹೆಸರನ್ನು ಹಾಗೆ ತರಲು ಬಾರದು. ಹಿಂದೆ ನಮ್ಮ ಕಡೆಯಲ್ಲಿ ಅಂಗಡಿಯ ಹೆಸರು ಸಂತೆಯಿಂದ ಸಂತೆಗೆ, ಜಾತ್ರೆಯಿಂದ ಜಾತ್ರೆಗೆ, ಗಿರಾಕಿಗಳ ಬಾಯಿಂದ ಬಾಯಿಗೆ ಹರಡುತ್ತಿದ್ದಿತು. ಊರಿಗೆಲ್ಲ ತಿಳಿಸಬೇಕಾದ ವಿಶೇಷವಿದ್ದರೆ ಡಂಗುರ ಹೊಡೆಸುತ್ತಿದ್ದರು. ಈಗಲಾದರೋ ಆ ಕೆಲಸದ ಬಹುಭಾಗವನ್ನು ಮೊಬೈಲ್ ಫೋನು ವಹಿಸಿಕೊಂಡಿದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸ್‌ಆ್ಯಪ್ ಮೊದಲಾದ ಕಡೆಗಳಲ್ಲಿ ಅಂಗಡಿಯ ಪರವಾಗಿ ಬರೆಯುವುದಕ್ಕೂ, ಚಿತ್ರಗಳನ್ನು ಹಾಕುವುದಕ್ಕೂ, ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕೂ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಪದ್ಧತಿಯು ದೊಡ್ಡ ಪಟ್ಟಣಗಳಿಂದ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ಕಡೆಗೂ ಬರುತ್ತಿದೆ. ಇವರಿಗೆ ಸೋಷಿಯಲ್ ಮೀಡಿಯಾ ಮ್ಯಾನೇಜರ್ ಎಂಬ ಹೆಸರುಂಟು. ನಾವು ಅಡತಿ ಅಂಗಡಿಗಳ ವಾಡಿಕೆಯನ್ನನುಸರಿಸಿ ಜಾಲತಾಣದ ಗುಮಾಸ್ತ ಎನ್ನೋಣ. ಈ ಮಾತು ಸ್ತ್ರೀಪುರುಷರಿಬ್ಬರಿಗೂ ಸಲ್ಲುತ್ತದೆಂದು ವಾಚಕರು ತಿಳಿಯತಕ್ಕದ್ದು.

ಲೆಕ್ಕ ಬರೆಯುವ ಮುನೀಮನನ್ನು ಇಟ್ಟುಕೊಳ್ಳುವಾಗ ಹತ್ತು ಸಲ ಯೋಚಿಸುವ ಯಜಮಾನನು ಈ ಗುಮಾಸ್ತನ ವಿಷಯದಲ್ಲಿ ಒಂದು ಸಲವೂ ಯೋಚಿಸದೆ ಇರುವುದುಂಟು. “ನಮ್ಮ ಅಳಿಯನ ತಮ್ಮ ಇಡೀ ದಿನ ಮೊಬೈಲ್ ಹಿಡಕೊಂಡೇ ಇರ್ತಾನ, ಅವಗ ಕೊಟ್ರಾತು” ಎಂದುಬಿಡುತ್ತಾನೆ. ಇಡೀ ದಿನ ಊಟದ ಮನೆಯಲ್ಲಿ ಕುಳಿತವನೆಲ್ಲ ಅಡಿಗೆಯವನಾದಾನೆ? ಮುನೀಮನು ಲೆಕ್ಕದಲ್ಲಿ ತಪ್ಪಿದರೆ ರಾತ್ರಿ ದೀಪದ ಮುಂದೆ ಕುಳಿತು ತಿದ್ದಬಹುದು. ಹೊರಗಿನವರಿಗೆ ಅದು ತಿಳಿಯುವುದಿಲ್ಲ. ಜಾಲತಾಣದಲ್ಲಿ ಒಂದು ಒರಟು ಮಾತು ಹೊರಬಿದ್ದರೆ ಅದನ್ನು ಅಳಿಸುವಷ್ಟರಲ್ಲಿಯೇ ಯಾರಾದರೂ ಅದರ ಚಿತ್ರವನ್ನು ತೆಗೆದಿಟ್ಟುಕೊಂಡಿರುತ್ತಾರೆ. ತಂದೆಯ ಕಾಲದಿಂದ ಗಳಿಸಿದ ಹೆಸರನ್ನು ಒಬ್ಬ ತರುಣನ ಬೆರಳ ತುದಿಗೆ ಒಪ್ಪಿಸುತ್ತಿದ್ದೇವೆಂಬ ಎಚ್ಚರವು ಯಜಮಾನನಿಗೆ ಇರಬೇಕು.

ಹೀಗೆ ಒಬ್ಬರ ಪರವಾಗಿ ಮತ್ತೊಬ್ಬರು ಬರೆಯುವುದು ಹೊಸ ವಿಷಯವೇನೂ ಅಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ತಿಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಸನಾಧಿಕಾರವೆಂಬ ಪ್ರಕರಣವೊಂದಿದೆ. ರಾಜನ ಪರವಾಗಿ ಓಲೆ ಬರೆಯುವ ಲೇಖಕನು ಎಂಥವನಾಗಿರಬೇಕೆಂಬುದನ್ನು ಅಲ್ಲಿ ವಿಚಾರಿಸಿದ್ದಾನೆ. ಲೇಖಕನು ಮೊದಲು ಚಂಚಲತೆಯಿಲ್ಲದ ಮನಸ್ಸಿನಿಂದ ಒಡೆಯನ ಮಾತನ್ನು ಕೇಳಬೇಕು, ಅನಂತರ ಬರೆಯಬೇಕು. ಬರಹಕ್ಕೆ ಆರು ಗುಣಗಳು: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಮುಖ್ಯವಾದುದನ್ನು ಮೊದಲು ಹೇಳುವುದು ಅರ್ಥಕ್ರಮ, ಹಿಂದಿನ ಮಾತಿಗೆ ಮುಂದಿನ ಮಾತು ವಿರುದ್ಧವಾಗದಿರುವುದು ಸಂಬಂಧ, ಹೆಚ್ಚುಕಡಿಮೆಯಿಲ್ಲದಿರುವುದು ಪರಿಪೂರ್ಣತೆ, ಹಿತವಾದ ಮಾತು ಮಾಧುರ್ಯ, ಗ್ರಾಮ್ಯವಾದ ಮಾತನ್ನು ಬಿಡುವುದು ಔದಾರ್ಯ, ಎಲ್ಲರಿಗೂ ತಿಳಿದ ಶಬ್ದಗಳನ್ನು ಬಳಸುವುದು ಸ್ಪಷ್ಟತ್ವ. ಸಾಧನವು ಓಲೆಯಿಂದ ಮೊಬೈಲಿಗೆ ಬಂದಿತೇ ಹೊರತು ಈ ಗುಣಗಳಲ್ಲಿ ಒಂದಾದರೂ ಹಳೆಯದಾಗಿಲ್ಲ.

ಆದಕಾರಣ ಕೆಲಸ ಕೇಳಿಕೊಂಡು ಬಂದವರ ಪದವಿಪತ್ರಗಳನ್ನು ನೋಡಿ ತೃಪ್ತರಾಗದೆ ಸಣ್ಣದೊಂದು ಪರೀಕ್ಷೆಯನ್ನು ಕೊಡುವುದು ಲೇಸು. ಸುರಪುರದಲ್ಲಿ ಒಂದು ಸೀರೆಯಂಗಡಿ ಇದೆಯೆಂದು ಭಾವಿಸೋಣ. ಮದುವೆಯ ಕಾಲಕ್ಕೆ ಹೊಸ ಸೀರೆಗಳು ಬಂದಿವೆ. ಈ ಸುದ್ದಿಯನ್ನು ಆರು ಸಾಲುಗಳಲ್ಲಿ ಬರೆಯಿರೆಂದು ಹೇಳಬೇಕು. ಬೆಲೆ, ಸ್ಥಳ, ವೇಳೆ, ಫೋನ್ ನಂಬರು ಇವುಗಳನ್ನು ಬಿಟ್ಟು ಬರಿಯ ವರ್ಣನೆಯನ್ನು ತುಂಬಿದವನಿಗೆ ಅರ್ಥಕ್ರಮವು ತಿಳಿದಿಲ್ಲ. ಎರಡನೆಯದಾಗಿ, ಸೀರೆಯ ಬಣ್ಣ ಬಿಟ್ಟಿತೆಂದು ಗಿರಾಕಿಯೊಬ್ಬಳು ಎಲ್ಲರಿಗೂ ಕಾಣುವಂತೆ ಕೋಪದಿಂದ ಬರೆದಿದ್ದಾಳೆ; ಉತ್ತರವೇನು? ಆ ಮಾತನ್ನು ಅಳಿಸಿಬಿಡುವೆನೆಂದವನೂ, ತಿರುಗಿ ಜಗಳಕ್ಕೆ ನಿಂತವನೂ ಈ ಕೆಲಸಕ್ಕೆ ಬಾರರು. “ತಾಯಿ, ಸೀರೆಯನ್ನು ಅಂಗಡಿಗೆ ತನ್ನಿರಿ, ಯಜಮಾನರೇ ನೋಡುತ್ತಾರೆ” ಎಂದು ಸಮಾಧಾನವಾಗಿ ಬರೆದು ಕೂಡಲೆ ಯಜಮಾನನಿಗೆ ತಿಳಿಸುವವನಿಗೆ ಮಾಧುರ್ಯವೂ ಉಂಟು, ಹೊಣೆಯೂ ಉಂಟು. ಮೂರನೆಯದಾಗಿ, ಅರ್ಧ ಗಂಟೆ ಅವನನ್ನು ಅಂಗಡಿಯಲ್ಲಿ ಕೂರಿಸಬೇಕು. ಗಿರಾಕಿಗಳು ಏನು ಕೇಳುತ್ತಾರೆಂಬುದನ್ನು ಅವನು ಕೇಳಿಸಿಕೊಳ್ಳುತ್ತಾನೆಯೇ, ತನ್ನ ಫೋನನ್ನೇ ನೋಡುತ್ತ ಕೂರುತ್ತಾನೆಯೇ ಎಂಬುದು ಆಗ ತಾನಾಗಿ ತಿಳಿಯುವುದು.

ಈ ಸೀಮೆಯ ಪರಿಚಯವು ಗುಮಾಸ್ತನಿಗೆ ಇರಲೇಬೇಕಾದ ಮತ್ತೊಂದು ಅರ್ಹತೆ. ನಮ್ಮ ಪೇಟೆಗೆ ಬರುವವರಲ್ಲಿ ಕನ್ನಡ ಮಾತನಾಡುವವರೊಡನೆ ಉರ್ದು ಮಾತನಾಡುವವರೂ, ಗುರುಮಠಕಲ್ಲಿನ ಕಡೆಯ ತೆಲುಗರೂ, ತಾಂಡಾಗಳ ಲಂಬಾಣಿಗರೂ ಇದ್ದಾರೆ. ದೂರದ ಕಂಪನಿಯವರು ಸಿದ್ಧಮಾಡಿ ಕಳುಹಿಸಿದ ಅಲಂಕಾರದ “ಬನ್ನಿ”ಗಿಂತ ಸ್ಥಳದ “ಬರ್ರಿ” ಎಂಬ ಮಾತು ಇಲ್ಲಿನ ಗಿರಾಕಿಯನ್ನು ಬೇಗನೆ ಮುಟ್ಟುತ್ತದೆ. ರೈತನ ಕೈಯಲ್ಲಿ ಹಣವಾಡುವ ಕಾಲವನ್ನೂ ತಿಳಿದಿರಬೇಕು. ದೀಪಾವಳಿಯಿಂದ ಮುಂದೆ ಹತ್ತಿ, ಸಂಕ್ರಾಂತಿಯ ಸುಮಾರಿಗೆ ತೊಗರಿ, ನಾರಾಯಣಪುರದ ಎಡದಂಡೆ ಕಾಲುವೆಯ ಕೆಳಗೆ ಶಹಾಪುರ, ಸುರಪುರಗಳ ಗದ್ದೆಗಳಲ್ಲಿ ಭತ್ತ. ಈ ಲೆಕ್ಕವನ್ನರಿಯದೆ ವರ್ಷದ ಹನ್ನೆರಡು ತಿಂಗಳೂ ಒಂದೇ ಸಮನಾಗಿ ಜಾಹೀರಾತಿಗೆ ಹಣ ಸುರಿಯುವುದು ಹದವರಿಯದೆ ಬಿತ್ತಿದಂತೆ. ಇನ್ನೊಂದು ಸಂಗತಿಯುಂಟು. ದುಡಿಮೆಗಾಗಿ ಬೆಂಗಳೂರು, ಮುಂಬಯಿಗಳ ಕಡೆಗೆ ಹೋದ ನಮ್ಮವರು ಅಲ್ಲಿಂದಲೇ ಊರಿನ ಸುದ್ದಿಯನ್ನು ಮೊಬೈಲಿನಲ್ಲಿ ನೋಡುತ್ತಾರೆ. ಯುಗಾದಿಗೋ, ಮೈಲಾಪುರದ ಮಲ್ಲಯ್ಯನ ಜಾತ್ರೆಗೋ, ತಿಂಥಣಿಯ ಮೌನೇಶ್ವರನ ಜಾತ್ರೆಗೋ ಬಂದಾಗ ಬಟ್ಟೆ ಪಾತ್ರೆಗಳನ್ನು ಕೊಳ್ಳುತ್ತಾರೆ. ಇವರನ್ನು ನೆನಪಿನಲ್ಲಿಟ್ಟುಕೊಂಡು ಹಬ್ಬಕ್ಕೆ ಎರಡು ವಾರ ಮುಂಚಿತವಾಗಿ ಬರೆಯುವ ಗುಮಾಸ್ತನು ತನ್ನ ಸಂಬಳವನ್ನು ತಾನೇ ಗಳಿಸಿಕೊಟ್ಟಂತಾಗುತ್ತದೆ.

ಸತ್ಯದ ವಿಷಯವಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಾಣದ ಎಣ್ಣೆಯನ್ನು ಮಾರುವವನೊಬ್ಬನ ಗುಮಾಸ್ತನು ಉತ್ಸಾಹದಿಂದ “ನಮ್ಮ ಕುಸುಬೆ ಎಣ್ಣೆಯಿಂದ ಮಧುಮೇಹವು ವಾಸಿಯಾಗುತ್ತದೆ” ಎಂದು ಬರೆದನೆನ್ನೋಣ. ಮಧುಮೇಹ ಮೊದಲಾದ ಕೆಲವು ರೋಗಗಳಿಗೆ ಔಷಧವೆಂದು ಜಾಹೀರಾತು ಮಾಡುವುದನ್ನು 1954ರ ಕಾನೂನೇ ನಿಷೇಧಿಸಿತು. ಆಹಾರಪದಾರ್ಥದ ವಿಷಯದಲ್ಲಿ ಜನರನ್ನು ತಪ್ಪುದಾರಿಗೆಳೆಯುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾನೂನು 10 ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾನೂನೂ ಸುಳ್ಳು ಜಾಹೀರಾತಿಗಾಗಿ ತಯಾರಕನಿಗೆ ಅಷ್ಟೇ ದಂಡವನ್ನು ಹೇಳಿದೆ. ಬರೆದವನು ಗುಮಾಸ್ತನೆಂಬ ಮಾತು ಯಜಮಾನನನ್ನು ಕಾಪಾಡಲಾರದು. ಆದುದರಿಂದ ಬೆಲೆ, ರಿಯಾಯಿತಿ, ಗುಣ ಇವುಗಳನ್ನು ಕುರಿತ ಮಾತೆಲ್ಲ ಯಜಮಾನನ ಕಣ್ಣಿಗೆ ಬಿದ್ದ ಮೇಲೆಯೇ ಹೊರಗೆ ಹೋಗತಕ್ಕದ್ದೆಂಬ ನಿಯಮವನ್ನು ಮೊದಲ ದಿನವೇ ಹಾಕಬೇಕು. “ಹೆಚ್ಚು ಹೇಳಿದರೆ ಹೆಚ್ಚು ಮಾರುತ್ತದೆ” ಎಂದು ಸಂದರ್ಶನದಲ್ಲಿಯೇ ಹೇಳುವವನನ್ನು ನಮಸ್ಕಾರ ಮಾಡಿ ಕಳುಹಿಸುವುದು ಕ್ಷೇಮ.

ಇನ್ನು ಬೀಗದಕೈಯ ವಿಚಾರ. ಅಂಗಡಿಯ ಪುಟವನ್ನು ಗುಮಾಸ್ತನು ತನ್ನ ಸ್ವಂತ ಫೋನ್ ನಂಬರಿನಿಂದ ತೆರೆದು, ಪಾಸ್‌ವರ್ಡನ್ನು ತಾನೊಬ್ಬನೇ ಇಟ್ಟುಕೊಂಡು, ಕಡೆಗೆ ಜಗಳವಾಡಿ ಹೊರಟುಹೋದರೆ ವರ್ಷಗಟ್ಟಲೆ ಕೂಡಿಸಿದ ಗಿರಾಕಿಗಳ ಬಳಗವೂ ಅವನೊಡನೆ ಹೋಗುತ್ತದೆ. ತಿಜೋರಿಯ ಬೀಗದಕೈಯನ್ನು ಪೂರ್ಣವಾಗಿ ಪರರ ಉಡಿಯಲ್ಲಿ ಕಟ್ಟುವವರುಂಟೆ? ಖಾತೆಗಳೆಲ್ಲ ಅಂಗಡಿಯ ನಂಬರು ಮತ್ತು ಅಂಗಡಿಯ ಈಮೇಲಿನಲ್ಲಿಯೇ ಇರಬೇಕು. ಫೇಸ್‌ಬುಕ್ ಪುಟದಲ್ಲಿ ಪೂರ್ಣ ಅಧಿಕಾರವನ್ನು ಯಜಮಾನನು ಇಟ್ಟುಕೊಂಡು, ಬರೆಯುವ ಮತ್ತು ಉತ್ತರಿಸುವ ಅಧಿಕಾರವನ್ನು ಮಾತ್ರ ಗುಮಾಸ್ತನಿಗೆ ಕೊಡುವ ಅನುಕೂಲವಿದೆ. 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ಸಿನಲ್ಲಿಯೂ ಖಾತೆಯನ್ನು ಯಜಮಾನನ ಫೋನಿನಲ್ಲಿರಿಸಿ ಗುಮಾಸ್ತನ ಯಂತ್ರಕ್ಕೆ ಜೋಡಿಸಿಕೊಡಬಹುದು. ಒಪ್ಪಂದವನ್ನು ಕಾಗದದ ಮೇಲೆ ಬರೆಯಬೇಕು. 1957ರ ಕೃತಿಸ್ವಾಮ್ಯದ ಕಾನೂನಿನಂತೆ ಸಂಬಳದ ನೌಕರನು ಕೆಲಸದ ಅಂಗವಾಗಿ ಬರೆದುದರ ಹಕ್ಕು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಯಜಮಾನನದು. ಹೊರಗಿನಿಂದ ಗುತ್ತಿಗೆಯಾಗಿ ಬರೆದುಕೊಡುವವನ ಬರಹಕ್ಕೆ ಹಾಗಿಲ್ಲ. ಸಿನಿಮಾ ಹಾಡುಗಳನ್ನು ಅನುಮತಿಯಿಲ್ಲದೆ ಜಾಹೀರಾತಿಗೆ ಸೇರಿಸುವುದೂ ಅದೇ ಕಾನೂನಿನ ತೊಡಕಿಗೆ ಸಿಲುಕಿಸುತ್ತದೆ.

ಫಲವನ್ನು ಅಳೆಯುವುದು ಹೇಗೆ? ಮೆಚ್ಚಿದವರ ಸಂಖ್ಯೆಯನ್ನು ನೋಡಿ ಹಿಗ್ಗುವುದು ಸರಿಯಲ್ಲ. ಆ ಸಂಖ್ಯೆಯನ್ನು ಹಣಕ್ಕೆ ಮಾರುವವರೂ ಇದ್ದಾರೆ. ಪುಟವನ್ನು ನೋಡಿ ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ಅಂಗಡಿಗೆ ಬಂದರು, ಎಷ್ಟು ದೂರುಗಳು ತೀರಿದವು ಎಂಬ ಮೂರು ಲೆಕ್ಕಗಳನ್ನು ತಿಂಗಳಿಗೊಮ್ಮೆ ಕೇಳಿದರೆ ಸಾಕು. ಮೊದಲ ಎರಡು ತಿಂಗಳು ಪರೀಕ್ಷಾಕಾಲವೆಂದಿಡಬಹುದು. ಆದರೆ ಆ ಕಾಲಕ್ಕೂ ಸಂಬಳ ಕೊಡಬೇಕು. ಸಣ್ಣ ಅಂಗಡಿಗೆ ಪೂರ್ಣಕಾಲದ ಗುಮಾಸ್ತನು ಬೇಕಿಲ್ಲ. ಬಟ್ಟೆಯವರು, ಔಷಧದವರು, ಬೀಜಗೊಬ್ಬರದವರು ಕೂಡಿ ಒಬ್ಬನನ್ನೇ ಇಟ್ಟುಕೊಳ್ಳಬಹುದು. ಒಂದೇ ವ್ಯಾಪಾರದ ಇಬ್ಬರಿಗೆ ಅವನು ದುಡಿಯಬಾರದೆಂಬುದಷ್ಟೇ ನಿಬಂಧನೆ. ಮೊದಲು ಎಲ್ಲಿಯಾದರೂ ಕೆಲಸಮಾಡಿದ್ದವನಾದರೆ ಆ ಹಳೆಯ ಯಜಮಾನನನ್ನು ಒಂದೇ ಪ್ರಶ್ನೆ ಕೇಳಬೇಕು: ಬಿಟ್ಟುಹೋಗುವಾಗ ಬೀಗದಕೈಗಳನ್ನು ಒಪ್ಪಿಸಿ ಹೋದನೇ?

ಯಜಮಾನನ ಧರ್ಮವೂ ಇದೆ. ಗಿರಾಕಿಯು ನಡುರಾತ್ರಿಯಲ್ಲಿ ಬರೆದನೆಂದು ಗುಮಾಸ್ತನನ್ನು ನಡುರಾತ್ರಿಯಲ್ಲಿ ಎಬ್ಬಿಸಬಾರದು. ಉತ್ತರ ಕೊಡುವ ವೇಳೆಯನ್ನು ಪುಟದಲ್ಲಿಯೇ ನಮೂದಿಸಬೇಕು. ಹೆಣ್ಣುಮಗಳು ಈ ಕೆಲಸಕ್ಕೆ ಬಂದರೆ ಅವಳ ಸ್ವಂತ ನಂಬರು ಹೊರಗಿನವರಿಗೆ ತಿಳಿಯದಂತೆ ನೋಡಿಕೊಳ್ಳಬೇಕು. ಅಸಭ್ಯವಾಗಿ ಬರೆದವರಿಗೆ ಯಜಮಾನನೇ ಮುಂದಾಗಿ ಉತ್ತರ ಕೊಡಬೇಕು. ಸರಕು ಕೆಟ್ಟದ್ದಾಗಿದ್ದು ಮಾರಾಟ ಇಳಿದರೆ ಬರೆದವನನ್ನು ಬಯ್ಯುವುದು ನ್ಯಾಯವಲ್ಲ.

ಯಾದಗಿರಿಯು 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಇಲ್ಲಿ ಓದಿದ ಮಕ್ಕಳು ಉದ್ಯೋಗಕ್ಕಾಗಿ ರೈಲು ಹತ್ತಿ ಹೋಗುವುದು ಮಾತ್ರ ಇನ್ನೂ ನಿಂತಿಲ್ಲ. ಮೂರು ನಾಲ್ಕು ಅಂಗಡಿಗಳವರು ಒಮ್ಮನಸ್ಸಿನಿಂದ ಇಂಥ ಒಬ್ಬೊಬ್ಬರಿಗೆ ತಕ್ಕ ಸಂಬಳವನ್ನು ಕೊಟ್ಟರೆ ಅಂಗಡಿಯ ಹೆಸರೂ ಬೆಳೆಯುವುದು, ಊರಿನ ಒಂದು ಮನೆಯ ಮಗನೋ ಮಗಳೋ ಊರಿನಲ್ಲಿಯೇ ನಿಲ್ಲುವುದಕ್ಕೂ ದಾರಿಯಾಗುವುದು. ಆರಿಸುವಾಗ ವೇಗಕ್ಕಿಂತ ವಿವೇಕವನ್ನೂ, ಅಲಂಕಾರಕ್ಕಿಂತ ಸತ್ಯವನ್ನೂ ಹೆಚ್ಚಾಗಿ ಗಣಿಸುವ ಯಜಮಾನನಿಗೆ ಪಶ್ಚಾತ್ತಾಪಪಡುವ ಸಂದರ್ಭವು ಬರುವುದು ವಿರಳ.