ಹಿರಿಯ ವಾದ್ಯಗಾರರೂ ಕಿರಿಯ ಸಂಗಡಿಗರೂ

ಮುಳಬಾಗಿಲು ತಾಲ್ಲೂಕಿನ ಬೈರಕೂರಿನಲ್ಲಿ ಕಳೆದ ಮಾಘಮಾಸದಲ್ಲಿ ಜರುಗಿದ ಒಂದು ವಿವಾಹಕ್ಕೆ ನಾವು ಹೋಗಿದ್ದೆವು. ಚಪ್ಪರದ ಒಂದು ಮಗ್ಗುಲಲ್ಲಿ ವಾಲಗದವರು ಕುಳಿತಿದ್ದರು. ಡೋಲು, ತಾಳ, ಶ್ರುತಿಪೆಟ್ಟಿಗೆಗಳೆಲ್ಲವೂ ಎಂದಿನಂತೆಯೇ ಇದ್ದುವು. ನಾಗಸ್ವರವಿರಬೇಕಾದ ಕೈಯಲ್ಲಿ ಮಾತ್ರ ಥಳಥಳಿಸುವ ಹಿತ್ತಾಳೆಯ ಸ್ಯಾಕ್ಸೊಫೋನು ಇದ್ದಿತು. ಊದುತ್ತಿದ್ದವನು ಇಪ್ಪತ್ತೈದು ದಾಟದ ತರುಣ. ಅವನ ತಾತನವರು ಈ ಸೀಮೆಯ ಜಾತ್ರೆ ಉತ್ಸವಗಳಲ್ಲಿ ಐವತ್ತು ವರ್ಷಕಾಲ ನಾಗಸ್ವರ ನುಡಿಸಿದವರು. ಕಂಬಕ್ಕೊರಗಿ, ಕಣ್ಣುಮುಚ್ಚಿ ಮೊಮ್ಮಗನ ವಾದನವನ್ನು ಕೇಳುತ್ತಿದ್ದರು. ನಮ್ಮ ಪಕ್ಕದಲ್ಲಿದ್ದ ನಿವೃತ್ತ ಅಧಿಕಾರಿಗಳೊಬ್ಬರು, “ನೋಡಿದಿರಾ ಸ್ವಾಮಿ, ವಾಲಗವೂ ಬ್ಯಾಂಡಾಗಿಹೋಯಿತು!” ಎಂದು ನಿಟ್ಟುಸಿರಿಟ್ಟರು.

ಊಟವಾದ ಮೇಲೆ ಇನ್ನೊಂದು ಸಂಗತಿಯು ತಿಳಿದುಬಂದಿತು. ಮೊಮ್ಮಗನು ಕೋಲಾರದ ಒಂದು ಧ್ವನಿಮುದ್ರಣ ಕೊಠಡಿಯಲ್ಲಿ, ಗಿಟಾರು ಕೀಬೋರ್ಡುಗಳನ್ನು ನುಡಿಸುವ ತನ್ನ ಗೆಳೆಯರೊಡನೆ ತಾತನನ್ನೂ ಕೂಡಿಸಿ ಒಂದು ಮುದ್ರಿಕೆಯನ್ನು ಮಾಡಬೇಕೆಂದು ವರ್ಷದಿಂದ ಬೇಡುತ್ತಿರುವನಂತೆ. ವೃದ್ಧರು ಒಪ್ಪರು. “ಈ ವಯಸ್ಸಿನಲ್ಲಿ ಮಕ್ಕಳ ಜೊತೆ ಕೂತು ನಗೆಪಾಟಲಾಗಬೇಕೇನಪ್ಪಾ? ನಿಮ್ಮ ಪೆಟ್ಟಿಗೆ ಶ್ರುತಿಗೆ ನನ್ನ ವಾದ್ಯ ಬರ್ತದಾ?” ಎಂಬುದು ಅವರ ಮಾತು.

ಈ ಮಾತನ್ನು ಮುದುಕರ ಹಠವೆಂದು ತಳ್ಳಿಹಾಕಲಾಗದು. ನಾಗಸ್ವರದ ಶ್ರುತಿಯು ಅದನ್ನು ಕಡೆದ ದಿನವೇ ನಿಶ್ಚಯವಾಗಿರುವುದು; ವೀಣೆಯಂತೆ ಬಿರಡೆ ತಿರುಗಿಸಿ ಅದನ್ನು ಏರಿಸಿ ಇಳಿಸುವಂತಿಲ್ಲ. ಅದರೊಡನೆ ನುಡಿಸುವವರೇ ಅದರ ಬಳಿಗೆ ಬರಬೇಕು. ಹಿರಿಯರೂ ಕಿರಿಯರೂ ಕೂಡಿ ನುಡಿಸುವಾಗ ಯಾರು ಯಾರ ಬಳಿಗೆ ಹೋಗಬೇಕೆಂಬ ಈ ಪ್ರಶ್ನೆಗೆ ಕನ್ನಡನಾಡಿನಲ್ಲೇ ಒಂದು ಉತ್ತರವು ದೊರೆತಿರುವುದು. ಅದನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ.

ಸ್ಯಾಕ್ಸೊಫೋನನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್; ಅವನು ಅದಕ್ಕೆ ಪ್ಯಾರಿಸಿನಲ್ಲಿ ಹಕ್ಕುಪತ್ರವನ್ನು ಪಡೆದುದು 1846ರಲ್ಲಿ. ದಕ್ಷಿಣ ಕನ್ನಡದ ಸಜೀಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು ಈ ವಾದ್ಯವನ್ನು ಮೊದಲು ಕಂಡುದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅವರ ತಂದೆ ತನಿಯಪ್ಪನವರು ನಾಗಸ್ವರದ ವಿದ್ವಾಂಸರು. ಮಗನು ಮನೆಯ ವಾದ್ಯವನ್ನು ಬಿಟ್ಟು ಹಿತ್ತಾಳೆಯ ಕೊಳವೆಯನ್ನು ಹಿಡಿದನೆಂದು ಆಗಲೂ ನಿಟ್ಟುಸಿರಿಟ್ಟವರು ಇದ್ದಿರಬೇಕು. ಆದರೆ ಅವರು ಹಿಡಿದುದು ಕೊಳವೆಯನ್ನು ಮಾತ್ರ. ಊದಿದುದು ತಂದೆಯ ಸಂಗೀತವನ್ನೇ. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರವರಲ್ಲಿಯೂ, ಅನಂತರ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್‌ರವರಲ್ಲಿಯೂ ಶಿಷ್ಯವೃತ್ತಿಯನ್ನು ಮಾಡಿದರು. ಬಿಡಿಬಿಡಿ ಸ್ವರಗಳಿಗೆಂದು ಕೀಲಿಗಳನ್ನು ಜೋಡಿಸಿದ ಯಂತ್ರದಲ್ಲಿ ತೋಡಿಯ ಗಾಂಧಾರವನ್ನು ಅಲುಗಿಸುವುದು ಸುಲಭವಲ್ಲ. ತುಟಿಯ ಬಿಗಿತವನ್ನೂ ಉಸಿರಿನ ಒತ್ತಡವನ್ನೂ ಕ್ಷಣಕ್ಷಣಕ್ಕೆ ಬದಲಿಸುತ್ತ, ವಾದ್ಯದ ಅಂಗಗಳನ್ನೇ ಕೆಲಮಟ್ಟಿಗೆ ಮಾರ್ಪಡಿಸಿಕೊಂಡು, ಸುಮಾರು ಇಪ್ಪತ್ತು ವರ್ಷಗಳ ಸಾಧನೆಯಿಂದ ಅವರು ಅದನ್ನು ಪಳಗಿಸಿದರು. ಪಿಟೀಲು ಕೂಡ ಹೀಗೆಯೇ ಹೊರಗಿನಿಂದ ಬಂದ ಅತಿಥಿ. ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಬಿಗಿದ ಮೇಲೆ ಅದನ್ನು ಪರದೇಶಿಯೆನ್ನುವ ಧೈರ್ಯ ಯಾರಿಗಿದ್ದೀತು?

1980ರಲ್ಲಿ ಬೊಂಬಾಯಿಯ ಜಾಜ಼್ ಉತ್ಸವದಲ್ಲಿ ಕದ್ರಿಯವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಎಂಬ ಹಿರಿಯ ಸ್ಯಾಕ್ಸೊಫೋನ್ ವಾದಕರು, ತಾವಾಗಿಯೇ ಕೇಳಿಕೊಂಡು ಅವರೊಡನೆ ವೇದಿಕೆಯೇರಿದರು. ಆಗ ಕದ್ರಿಯವರಿಗೆ ಇನ್ನೂ ಮೂವತ್ತರ ಪ್ರಾಯ. ಹ್ಯಾಂಡಿಯವರು ಅವರಿಗಿಂತ ಹದಿನಾರು ವರ್ಷ ದೊಡ್ಡವರು. ಹಿರಿಯನಾದವನು ಕೇಳಿ ಪಕ್ಕದಲ್ಲಿ ನಿಂತರೆ ಅವನ ಹಿರಿತನಕ್ಕೆ ಊನವಿಲ್ಲವೆಂಬುದನ್ನು ಕದ್ರಿಯವರು ಅಂದು ಕಿರಿಯರ ಸ್ಥಾನದಲ್ಲಿ ನಿಂತು ಕಂಡಿದ್ದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು.

ಈಗ ಎರಡನೆಯವನ ಮಾತು. ಕನ್ನಡನಾಡಿನಿಂದ ಹೊರಟು ಅಮೆರಿಕದಲ್ಲಿ ನೆಲಸಿದ ಕುಟುಂಬದಲ್ಲಿ 1971ರಲ್ಲಿ ಹುಟ್ಟಿ, ಕೊಲರಾಡೊ ಪ್ರಾಂತದಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನು ಜಾಜ಼್ ಸ್ಯಾಕ್ಸೊಫೋನನ್ನು ಕಲಿತನು. ಹೆಸರು ಕೇಳಿದರೆ ನಮ್ಮ ಪಕ್ಕದ ಬೀದಿಯ ಹುಡುಗನೆನಿಸುವುದು. ಆದರೆ ತಾಯ್ನಾಡಿನ ಸಂಗೀತವು ಅವನಿಗೆ ಅಪರಿಚಿತವೇ ಆಗಿದ್ದಿತು. ಬಾಸ್ಟನ್ನಿನಲ್ಲಿ ಓದುತ್ತಿದ್ದಾಗ ಅವನ ಅಣ್ಣನು ಹಾಸ್ಯಕ್ಕೆಂದು ಒಂದು ಧ್ವನಿಮುದ್ರಿಕೆಯನ್ನು ಕೊಟ್ಟನು. ಅದರ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’, ವಾದಕರು ಕದ್ರಿ ಗೋಪಾಲನಾಥರು. ನಗಲೆಂದು ಹಾಕಿದ ಮುದ್ರಿಕೆಯು ಆ ಹುಡುಗನನ್ನು ಬೆರಗುಗೊಳಿಸಿತು. ತನ್ನ ಕೈಯಲ್ಲಿದ್ದ ವಾದ್ಯವೇ ತನ್ನ ಪೂರ್ವಿಕರ ಭಾಷೆಯನ್ನಾಡುವುದನ್ನು ಅವನು ಕೇಳಿದುದು ಅದೇ ಮೊದಲು. 2007ರಲ್ಲಿ ಗುಗ್ಗೆನ್‌ಹೈಮ್ ಪ್ರತಿಷ್ಠಾನದ ವಿದ್ಯಾವೇತನವು ಅವನಿಗೆ ದೊರೆಯಿತು. ಮರುವರ್ಷ, 2008ರಲ್ಲಿ, ಕದ್ರಿಯವರೂ ಮಹಾಂತಪ್ಪನೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆಯು ಹೊರಬಂದಿತು. ಹಿರಿಯರಿಗೆ ಅರುವತ್ತು ಸಮೀಪಿಸಿದ್ದಿತು, ಕಿರಿಯನಿಗೆ ಮೂವತ್ತೇಳು. ‘ಬಂಧುಗಳು’ ಎಂಬುದು ಆ ಹೆಸರಿನ ಅರ್ಥ. ‘ದಾಯಾದಿಗಳು’ ಎಂದೂ ಹೇಳಬಹುದಾಗಿದ್ದಿತು, ಆದರೆ ಕಂದಾಯ ಇಲಾಖೆಯ ನಮ್ಮ ವಾಚಕರಿಗೆ ಆ ಶಬ್ದವು ಬೇರೆಯೇ ಕಡತಗಳನ್ನು ನೆನಪಿಗೆ ತಂದೀತು!

ಆ ಮೇಳದಲ್ಲಿ ಕನ್ಯಾಕುಮಾರಿಯವರ ಪಿಟೀಲೂ ಪೂವಲೂರು ಶ್ರೀಜಿಯವರ ಮೃದಂಗವೂ ಒಂದು ಕಡೆ. ರೆಜ಼್ ಅಬ್ಬಾಸಿಯವರ ಗಿಟಾರು, ಪಾಶ್ಚಾತ್ಯ ಬಾಸ್ ಮತ್ತು ಡ್ರಮ್ಮುಗಳು ಇನ್ನೊಂದು ಕಡೆ. ಜಾಜ಼್ ಸಂಗೀತವು ಸಾಮಾನ್ಯವಾಗಿ ಸ್ವರಗುಚ್ಛದಿಂದ ಸ್ವರಗುಚ್ಛಕ್ಕೆ ನೆಲೆಯನ್ನು ಬದಲಿಸುತ್ತ ಸಾಗುವುದು. ನಮ್ಮ ರಾಗವೋ ಒಂದೇ ಷಡ್ಜದ ಮೇಲೆ ನಿಂತು ಬೆಳೆಯುವುದು. ನೆಲವೇ ಚಲಿಸುತ್ತಿದ್ದರೆ ರಾಗಕ್ಕೆ ಕಾಲೂರಲು ತಾವೆಲ್ಲಿ? ಆದುದರಿಂದ ಇಂತಹ ಕೂಟದಲ್ಲಿ ಒಬ್ಬರು ತಮ್ಮ ಅಭ್ಯಾಸವನ್ನು ಬಿಗಿಹಿಡಿದು ನಿಲ್ಲಿಸಲೇಬೇಕಾಗುವುದು. ಈ ಮುದ್ರಿಕೆಯನ್ನು ನಾವು ಅನೇಕಾವರ್ತಿ ಕೇಳಿದ್ದೇವೆ. ನಮ್ಮ ಕಿವಿಗೆ ತೋರಿದಂತೆ, ಹೆಚ್ಚಾಗಿ ನಡೆದುಬಂದವನು ಕಿರಿಯನೇ. ಎರಡೂ ಒಂದೇ ವಾದ್ಯವಾದರೂ ಯಾರು ಯಾರೆಂದು ಗುರುತಿಸುವುದು ಕಷ್ಟವಲ್ಲ: ಒಬ್ಬರದು ಸ್ವರದಿಂದ ಸ್ವರಕ್ಕೆ ಜಾರುವ ನಡೆ, ಇನ್ನೊಬ್ಬನದು ಹಾರುವ ನಡೆ. ಕದ್ರಿಯವರು ಎಲ್ಲಿಯೂ ಹಾರಲು ಯತ್ನಿಸಿಲ್ಲ; ತಾರುಣ್ಯದ ವೇಷವನ್ನು ಹಾಕಿಲ್ಲ. ಹಾಗೆಂದು ಕೈಕಟ್ಟಿ ಪೀಠದ ಮೇಲೂ ಕುಳಿತಿಲ್ಲ. ಡ್ರಮ್ಮಿನ ಹೊಸ ನಡೆಗೆ ಅವರ ಉಸಿರು ಚುರುಕಾಗಿ ಎದ್ದು ನಿಲ್ಲುವುದು. ಕೆಲವೆಡೆ ಗಿಟಾರು ಅತಿಯಾಯಿತೆಂದು ನಮಗನ್ನಿಸಿದೆ. ಆ ದೋಷವು ಹಿರಿಯರದಲ್ಲ.

ಪಾಶ್ಚಾತ್ಯರಲ್ಲಿ ಹಳೆಯ ರಾಕ್ ತಾರೆಗಳು ಎಳೆಯ ಗಾಯಕರನ್ನು ಕೂಡಿಕೊಂಡು ಮುದ್ರಿಕೆಗಳನ್ನು ಹೊರಡಿಸುವುದು ಈಗ ವಾಡಿಕೆಯಾಗಿದೆ. 1999ರಲ್ಲಿ ಕಾರ್ಲೋಸ್ ಸಂತಾನ ಎಂಬ ಗಿಟಾರ್ ವಾದಕನು ಹೀಗೆ ಮಾಡಿದ ‘ಸೂಪರ್‌ನ್ಯಾಚುರಲ್’ ಎಂಬ ಮುದ್ರಿಕೆಯು ಕೋಟ್ಯಂತರ ಪ್ರತಿಗಳಲ್ಲಿ ಮಾರಾಟವಾಯಿತು. ಅದು ನಿಂದ್ಯವಲ್ಲ. ಆದರೆ ಅಲ್ಲಿ ಹಿರಿಯನಿಗೆ ಕಿರಿಯರ ಮಾರುಕಟ್ಟೆ ಬೇಕಾಗಿದ್ದಿತು; ಇಲ್ಲಿ ಕಿರಿಯನಿಗೆ ಹಿರಿಯರ ವಿದ್ಯೆ ಬೇಕಾಗಿದ್ದಿತು. ಬೈರಕೂರಿನ ತರುಣನಿಗೆ ಬೇಕಾದುದೂ ಎರಡನೆಯದೇ ಎಂದು ನಮ್ಮ ನಂಬಿಕೆ.

ಕದ್ರಿ ಗೋಪಾಲನಾಥರು 2019ನೆಯ ಅಕ್ಟೋಬರ್ 11ರಂದು ತೀರಿಕೊಂಡರು. ಅವರ ನಾದವು ಮುದ್ರಿಕೆಗಳಲ್ಲಿ ಉಳಿದಿದೆ. ನಮ್ಮ ಬೈರಕೂರಿನ ವೃದ್ಧರದು ಒಂದು ನಿಮಿಷದ ಮುದ್ರಣವೂ ಇಲ್ಲ. ಮುಳಬಾಗಿಲು ಸೀಮೆಯ ಗುಡಿಗಳ ಮುಂದೆ ಐವತ್ತು ವರ್ಷ ಮೊಳಗಿದ ಆ ನಾಗಸ್ವರವು ಅವರ ಉಸಿರಿನೊಡನೆಯೇ ನಿಲ್ಲುವುದು.

ಅಂದು ಸಂಜೆ ಮೊಮ್ಮಗನು ತನ್ನ ದೂರವಾಣಿಯಲ್ಲಿ ‘ಕಿನ್ಸ್‌ಮೆನ್’ ಮುದ್ರಿಕೆಯ ಒಂದು ಭಾಗವನ್ನು ತಾತನಿಗೆ ಕೇಳಿಸಿದನು. ಅವರು ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತ ಕೊನೆಯವರೆಗೂ ಕೇಳಿದರು. “ಜಾರಿಸ್ತಾರಲ್ಲ, ಅವರು ನಾಗಸ್ವರದ ಮನೆಯವರೇನಪ್ಪಾ?” ಎಂದರು. ಹೌದೆಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗನ ಕಡೆ ತಿರುಗಿ, “ಡೋಲಿನವನನ್ನ ನಾನೇ ಕರ್ಕೊಂಡು ಬರ್ತೀನಿ. ಆ ತಾಳ ಹಾಕೋ ಯಂತ್ರ ಮಾತ್ರ ಅಲ್ಲಿ ಇರಬಾರದು” ಎಂದರು.